ಹಳೇ ಸಿಟಿ ವಿಟೆಕ್‌ಗೆ ಪಾಲಿ ಬುಷ್ ಬೇಕೇ?

ಸರ್, ನಿಮ್ಮದು 2002ರ ಹೋಂಡಾ ಸಿಟಿ ವಿಟೆಕ್, ದಿನಾ ತುಮಕೂರಿನಿಂದ ಮಧುಗಿರಿಗೆ ಓಡಾಟ. ಬುಷ್ (ಸಸ್ಪೆನ್ಷನ್ ಕೀಲುಗಳಲ್ಲಿ ಕೂರುವ ಮೆತ್ತೆ), ಇಂಜಿನ್ ಮೌಂಟ್ (ಇಂಜಿನ್ನನ್ನು ಗಾಡಿಗೆ ಹಿಡಿದಿಡುವ ಮೆತ್ತೆ), ಸೈಲೆನ್ಸರ್ ಮೂರನ್ನೂ ಒಟ್ಟಿಗೆ ಬದಲಿಸಲೇ ಅಂತ ಕೇಳಿದ್ದೀರಿ. ಬೇಡ, ಮೊದಲು ಬುಷ್ ಮಾತ್ರ ಮಾಡಿಸಿ.

ಚಕ್ರವನ್ನು ಗಾಡಿಗೆ ಜೋಡಿಸುವ ಕೆಳತೋಳಿಗೆ (ಲೋಯರ್ ಆರ್ಮ್) ಕಂಪನಿ ರಬ್ಬರ್ ಬುಷ್ಷೇ ಇರಲಿ. ಪಾಲಿ, ಅಂದರೆ ರಬ್ಬರ್‌ಗಿಂತ ಗಟ್ಟಿಯಾದ ಪಾಲಿಯುರೆಥೇನ್ ಹಾಕಿದರೆ ಸ್ಟೀರಿಂಗ್ ಚುರುಕಾಗುತ್ತೆ ನಿಜ, ಆದರೆ ಪ್ರತಿ ಹಂಪೂ ಸೀಟಿಗೇ ಬಡಿಯುತ್ತೆ. ಆಸೆಯಿದ್ದರೆ ತಿರುವಿನಲ್ಲಿ ಗಾಡಿ ವಾಲೋದನ್ನು ತಗ್ಗಿಸುವ ಸ್ಟೆಬಿಲೈಸರ್ ಬಾರ್‌ಗೆ ಮಾತ್ರ ಪಾಲಿ ಹಾಕಿಸಿ, ಅದೂ ಸಿಲಿಕೋನ್ ಗ್ರೀಸ್ ಹಚ್ಚಿ. ಇಲ್ಲದಿದ್ದರೆ ಕಿರ್ ಕಿರ್ ಶುರು.

ಒಂದು ಮುಖ್ಯ ವಿಷಯ: ಗಾಡಿ ಜಾಕ್ ಮೇಲಿರುವಾಗ ರಬ್ಬರ್ ಬುಷ್ಷಿನ ಬೋಲ್ಟ್ ಪೂರ್ತಿ ಟೈಟ್ ಮಾಡೋಕೆ ಬಿಡಬೇಡಿ. ಚಕ್ರ ನೆಲಕ್ಕೆ ಕೂತು ಭಾರ ಬಿದ್ದ ಮೇಲೇ ಕೊನೇ ಟೈಟು. ನನ್ನ ಗಾಡಿಗೆ ಹಾಗೆ ಮಾಡದೆ ಹೊಸ ಬುಷ್ ಆರೇ ತಿಂಗಳಿಗೆ ಹರಿಯಿತು. ಬಿಚ್ಚಿದಾಗ ರಬ್ಬರ್ ತಿರುಚಿಕೊಂಡು ಒಳಗಿನ ಕಬ್ಬಿಣದ ಕೊಳವೆಯಿಂದ ಬಿಟ್ಟುಬಂದಿತ್ತು. ತುಂಬಾ ಹೊಟ್ಟೆ ಉರಿಯಿತು.

ಮೌಂಟು, ಕ್ಲಚ್ ಬಿಡುವಾಗ ಇಂಜಿನ್ ಜಿಗಿದರೆ ಬದಲಿಸಿ, ರಬ್ಬರ್‌ದೇ. ಪಾಲಿ ಮೌಂಟ್ ಹಾಕಿದರೆ ಸಿಗ್ನಲ್‌ನಲ್ಲಿ ನಿಂತಾಗ ಡ್ಯಾಶ್‌ಬೋರ್ಡೇ ನಡುಗುತ್ತೆ.

ಸೈಲೆನ್ಸರ್ ತೂತು ಬಿದ್ದಿದ್ದರೆ ಮಾತ್ರ ಕೈ ಹಾಕಿ. ಟರ್ಬೊ ಇಲ್ಲದ 1.5 ಲೀಟರ್ ಇಂಜಿನ್ನಿಗೆ ಸ್ಪೋರ್ಟ್ಸ್ ಸೈಲೆನ್ಸರ್‌ನಿಂದ ಸಿಗೋದು ಬಹುಪಾಲು ಸದ್ದು. ಮಿತಿ ಮೀರಿದ ಸದ್ದಿಗೆ 10,000 ರೂಪಾಯಿವರೆಗೆ ದಂಡವೂ ಇದೆ.