ಮಿಲ್ವಾಕಿಯಂಥ ಎಎಚ್‌ಎಲ್ ಊರು ಎನ್‌ಎಚ್‌ಎಲ್ ತಂಡವನ್ನು ಸಾಕಬಲ್ಲದೇ?

ನಿಮ್ಮ ಪ್ರಶ್ನೆ ಇದು: ಅಮೆರಿಕದ ಮಿಲ್ವಾಕಿಯಲ್ಲಿ ಆಡ್ಮಿರಲ್ಸ್ ಐಸ್ ಹಾಕಿ ತಂಡ 1970ರಿಂದ ಇದೆ, ಈಗ ಅದು ಆಡುವುದು ಎರಡನೇ ದರ್ಜೆಯ ಲೀಗ್ ಎಎಚ್‌ಎಲ್‌ನಲ್ಲಿ, ಶನಿವಾರದ ಆಟಕ್ಕೆ ಜನ ಚೆನ್ನಾಗಿ ಬರುತ್ತಾರೆ, ಊರಲ್ಲಿ ಹೊಸ ಅರೀನಾವೂ ಇದೆ. ಹಾಗಿದ್ದ ಮೇಲೆ ಅದಕ್ಕೂ ಮೇಲಿನ ಅಗ್ರ ಲೀಗ್ ಎನ್‌ಎಚ್‌ಎಲ್‌ನ ತಂಡ ಬಂದರೆ ಯಾಕೆ ನಡೆಯಬಾರದು?

ಬಕ್ಸ್ ಬಾಸ್ಕೆಟ್‌ಬಾಲ್ ತಂಡದ ಮಾಲೀಕರೇ ಕೊಂಡರೆ ನಡೆದೀತು. ಬೇರೆ ಯಾರು ತಂದರೂ ಹತ್ತು ವರ್ಷ ಬಾಳುವುದು ಕಷ್ಟ ಎನ್ನುವುದು ನನ್ನ ಅಭಿಪ್ರಾಯ. ಊರಿನವರಿಗೆ ಹಾಕಿ ಎಷ್ಟು ಇಷ್ಟ ಎನ್ನುವುದು ಆಮೇಲಿನ ಮಾತು.

ಮೊದಲಿಗೆ, ಆಡ್ಮಿರಲ್ಸ್ ಆಟದ ಜನಸಂದಣಿ ನೋಡಿ ಲೆಕ್ಕ ಹಾಕಬೇಡಿ. ಎಎಚ್‌ಎಲ್‌ನಲ್ಲಿ ಒಂದು ತಂಡಕ್ಕೆ ತವರಿನಲ್ಲಿ 36 ಆಟ, ಅದರಲ್ಲಿ ಹೆಚ್ಚಿನವು ವಾರಾಂತ್ಯಕ್ಕೇ ಬೀಳುತ್ತವೆ. ಟಿಕೆಟ್ ಅಗ್ಗ, ಮಕ್ಕಳನ್ನು ಕಟ್ಟಿಕೊಂಡು ಬರುವ ಕುಟುಂಬಗಳೇ ಜಾಸ್ತಿ, ಕೆಲವು ದಿನ ಆಟ ಮುಗಿದ ಮೇಲೆ ಸಂಗೀತ ಕಾರ್ಯಕ್ರಮವೂ ಇರುತ್ತದೆ. ಇಡೀ ಲೀಗಿನ ಸರಾಸರಿ ಪ್ರೇಕ್ಷಕರ ಸಂಖ್ಯೆ ಆರು ಸಾವಿರದ ಆಸುಪಾಸು. ಎನ್‌ಎಚ್‌ಎಲ್‌ನಲ್ಲಿ ಅದು ಹದಿನೇಳು ಸಾವಿರ ದಾಟುತ್ತದೆ, 2025-26ರವರೆಗೆ ತವರಿನ ಆಟ 41, ಅವುಗಳಲ್ಲಿ ಅರ್ಧಕ್ಕರ್ಧ ಕೆಲಸದ ದಿನಗಳ ರಾತ್ರಿ. ಫೆಬ್ರವರಿಯ ಮಂಗಳವಾರ, ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ, ಎದುರಾಳಿ ಪಟ್ಟಿಯ ಕೊನೆಯಲ್ಲಿರುವ ತಂಡ. ಅಂಥ ರಾತ್ರಿಯ ಸೀಟಿಗೆ ಯಾರು ದುಡ್ಡು ಕೊಡುತ್ತಾರೆ ಅಂತ ಕೇಳಿಕೊಳ್ಳಿ.

ಖರ್ಚಿನ ಸ್ವರೂಪವೂ ಬೇರೆ. ಆಡ್ಮಿರಲ್ಸ್ ತಂಡ ನ್ಯಾಶ್‌ವಿಲ್ ಪ್ರೆಡೇಟರ್ಸ್‌ಗೆ ಆಟಗಾರರನ್ನು ಪಳಗಿಸಿ ಕೊಡುವ ತಂಡ. ಹಾಗಾಗಿ ಹೆಚ್ಚಿನ ಆಟಗಾರರ ಕರಾರು ಆ ದೊಡ್ಡ ತಂಡದ ಜೊತೆಗೇ ಇರುತ್ತದೆ, ಸಂಬಳವೂ ಅಲ್ಲಿಂದಲೇ ಬರುತ್ತದೆ. ಎನ್‌ಎಚ್‌ಎಲ್‌ಗೆ ಏರಿದರೆ ಆ ಹೊರೆಯೆಲ್ಲ ಊರಿನ ಮಾಲೀಕನ ತಲೆಗೆ.

ಪೆನ್ಸಿಲ್ವೇನಿಯಾದ ಹರ್ಷಿಯನ್ನೇ ತೆಗೆದುಕೊಳ್ಳಿ, ಅದೇ ಚಾಕಲೇಟಿನ ಊರು. ಜನಸಂಖ್ಯೆ ಹದಿನೈದು ಸಾವಿರವೂ ಇಲ್ಲ. ಆದರೂ ಅಲ್ಲಿನ ಬೇರ್ಸ್ ತಂಡದ ಆಟಕ್ಕೆ ಹತ್ತು ಸಾವಿರದ ಹತ್ತಿರ ಜನ ಸೇರುತ್ತಾರೆ, ಎಎಚ್‌ಎಲ್‌ನಲ್ಲಿ ಅದು ಮೇಲ್ಪಂಕ್ತಿ. ಹಾಗೆಂದು ಹರ್ಷಿಗೆ ಎನ್‌ಎಚ್‌ಎಲ್ ತಂಡ ಕೊಡಿ ಎಂದು ಯಾರೂ ಕೇಳುವುದಿಲ್ಲ.

ಈಗ ಹಣದ ಲೆಕ್ಕ. 2025-26ರಲ್ಲಿ ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡ ಆಟಗಾರರಿಗೆ ಕೊಡಬಹುದಾದ ಒಟ್ಟು ಸಂಬಳದ ಮಿತಿ, 9.55 ಕೋಟಿ ಡಾಲರ್, ಕನಿಷ್ಠ ಕೊಡಲೇಬೇಕಾದ ಸಂಬಳದ ಮೊತ್ತ 7.06 ಕೋಟಿ ಡಾಲರ್. 2026-27ಕ್ಕೆ ಕ್ಯಾಪ್ 10.4 ಕೋಟಿಗೆ ಏರುತ್ತದೆ. ಆದಾಯದ ಕಡೆ, ಮಿಲ್ವಾಕಿಯಲ್ಲಿ 15 ಸಾವಿರ ಸೀಟು ಪ್ರತಿ ರಾತ್ರಿ ಭರ್ತಿ, ಟಿಕೆಟ್ ಸರಾಸರಿ 75 ಡಾಲರ್ ಎಂದು ಉದಾರವಾಗಿಯೇ ಹಿಡಿಯೋಣ. 41 ಆಟಕ್ಕೆ 6.15 ಲಕ್ಷ ಟಿಕೆಟ್, ಹಣ ಸುಮಾರು 4.6 ಕೋಟಿ ಡಾಲರ್. ಅಮೆರಿಕದ ರಾಷ್ಟ್ರೀಯ ಟಿವಿ ಒಪ್ಪಂದ ವರ್ಷಕ್ಕೆ ಸುಮಾರು 62.5 ಕೋಟಿ ಡಾಲರಿನದು. 32 ತಂಡಗಳಿಗೆ ಹಂಚಿದರೆ ಒಂದಕ್ಕೆ ಎರಡು ಕೋಟಿಯೂ ಬರುವುದಿಲ್ಲ. ಎರಡೂ ಕೂಡಿದರೆ 6.6 ಕೋಟಿ. ಆಟಗಾರರ ಕನಿಷ್ಠ ಸಂಬಳವೇ ಅದಕ್ಕಿಂತ ಹೆಚ್ಚು! ಕೋಚ್‌ಗಳು, ವಿಮಾನ, ಹೊಸ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು, ಅಭ್ಯಾಸದ ರಿಂಕ್, ಬಾಡಿಗೆ ಇದಕ್ಕೆ ಇನ್ನೂ ಸೇರಿಲ್ಲ.

ಉಳಿದ ದುಡ್ಡು ಬರಬೇಕಾದದ್ದು ಕಂಪನಿಗಳು ಬಾಡಿಗೆ ಹಿಡಿಯುವ ಖಾಸಗಿ ಸ್ಯೂಟ್‌ಗಳಿಂದ, ಜಾಹೀರಾತಿನಿಂದ, ಬಿಯರ್ ಮತ್ತು ತಿಂಡಿಯಿಂದ, ಪಾರ್ಕಿಂಗ್‌ನಿಂದ, ಕಟ್ಟಡದ ಹೆಸರು ಮಾರಿದ ಹಣದಿಂದ, ಸ್ಥಳೀಯ ಟಿವಿಯಿಂದ. ಸ್ಥಳೀಯ ಟಿವಿಯಂತೂ 2023ರಲ್ಲಿ ಸ್ಥಳೀಯ ಕ್ರೀಡಾ ಚಾನೆಲ್‌ಗಳನ್ನು ನಡೆಸುತ್ತಿದ್ದ ಡೈಮಂಡ್ ಸ್ಪೋರ್ಟ್ಸ್ ದಿವಾಳಿ ಅರ್ಜಿ ಹಾಕಿದ ಮೇಲೆ ನಂಬಿ ಕೂರುವ ಹಾಗಿಲ್ಲ. ಮಿಕ್ಕಿದ್ದೆಲ್ಲ ಕಟ್ಟಡ ಯಾರ ಕೈಯಲ್ಲಿದೆಯೋ ಅವರ ಜೇಬಿಗೆ ಹೋಗುತ್ತದೆ.

ಮಿಲ್ವಾಕಿ ಸಿಕ್ಕಿಬೀಳುವುದು ಇಲ್ಲೇ. ನೀವು ಹೇಳಿದ ಹೊಸ ಅರೀನಾ, 2018ರಲ್ಲಿ ತೆರೆದ ಫೈಸರ್ವ್ ಫೋರಮ್, ಸಾರ್ವಜನಿಕ ಸಂಸ್ಥೆಯ ಸ್ವತ್ತು, 25 ಕೋಟಿ ಡಾಲರ್ ಜನರ ತೆರಿಗೆಯ ಹಣ ಅದಕ್ಕೆ ಹೋಗಿದೆ. ಆದರೆ ನಡೆಸುವುದು ಬಕ್ಸ್. ಹೊರಗಿನ ಮಾಲೀಕ ಹಾಕಿ ತಂಡ ತಂದರೆ ಆತ ಬಾಡಿಗೆದಾರ. ಟಿಕೆಟ್ ಹಣ ಅವನಿಗೆ, ಲಾಭದ ಬಾಬತ್ತುಗಳು ಮನೆಯ ಯಜಮಾನನಿಗೆ. ಊರಿನ ಕಂಪನಿಗಳ ಜಾಹೀರಾತಿನ ಬಜೆಟ್ ಆಗಲೇ ಬಕ್ಸ್, ಬ್ರೂವರ್ಸ್ ಬೇಸ್‌ಬಾಲ್ ತಂಡ, ಗ್ರೀನ್ ಬೇಯ ಪ್ಯಾಕರ್ಸ್ ಅಮೆರಿಕನ್ ಫುಟ್‌ಬಾಲ್ ತಂಡದ ನಡುವೆ ಹಂಚಿಹೋಗಿದೆ. ಮಹಾನಗರ ಪ್ರದೇಶದ ಜನಸಂಖ್ಯೆ 2020ರ ಗಣತಿಯಲ್ಲಿ ಸುಮಾರು 15.7 ಲಕ್ಷ. ನಾಲ್ಕನೆಯ ತಂಡಕ್ಕೆ ಇದು ಚಿಕ್ಕ ಊರು. ಮೇಲಾಗಿ, ದಕ್ಷಿಣಕ್ಕೆ 90 ಮೈಲಿಯಲ್ಲಿ ಶಿಕಾಗೊ ಬ್ಲ್ಯಾಕ್‌ಹಾಕ್ಸ್ ಇದೆ, ಊರಿನ ಎನ್‌ಎಚ್‌ಎಲ್ ಅಭಿಮಾನಿಗಳಲ್ಲಿ ಬಹಳಷ್ಟು ಮಂದಿ ತಲೆಮಾರುಗಳಿಂದ ಆ ಕಡೆಯವರು.

ಕಟ್ಟಡದ ಒಳಗಿನ ತೊಂದರೆಯೂ ಸಣ್ಣದಲ್ಲ. ಬಾಸ್ಕೆಟ್‌ಬಾಲ್ ಅಂಕಣ 94 ಅಡಿ ಉದ್ದ, 50 ಅಡಿ ಅಗಲ. ಎನ್‌ಎಚ್‌ಎಲ್ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಬಾಸ್ಕೆಟ್‌ಬಾಲ್‌ಗೆಂದು ಕಟ್ಟಿದ ಅರೀನಾದಲ್ಲಿ ರಿಂಕ್ ಹಾಸಲು ಎರಡೂ ತುದಿಯ ಕೆಳಗಿನ ಸಾಲುಗಳನ್ನು ಒಳಕ್ಕೆ ತಳ್ಳಬೇಕು, ಅಂದರೆ ದುಬಾರಿ ಸೀಟುಗಳೇ ಮೊದಲು ಹೋಗುತ್ತವೆ. ಮೇಲಿನ ಸಾಲಿನಲ್ಲಿ ಕೂತವರಿಗೆ ತಮ್ಮ ಕಡೆಯ ಗೋಲು ಕಾಣುವುದಿಲ್ಲ. ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್‌ಗೆ 2015ರಲ್ಲಿ ಹೋದ ಎನ್‌ಎಚ್‌ಎಲ್‌ನ ಐಲ್ಯಾಂಡರ್ಸ್ ತಂಡ ಅನುಭವಿಸಿದ್ದು ಇದನ್ನೇ: ಸ್ಕೋರ್‌ಬೋರ್ಡ್ ರಿಂಕಿನ ನಡುವೆ ಇರಲಿಲ್ಲ, ಐಸ್ ಮೃದು ಎಂದು ಆಟಗಾರರೇ ಗೊಣಗಿದರು, ಅರ್ಧಂಬರ್ಧ ಕಾಣುವ ಸೀಟು ಮಾರಾಟವಾಗಲಿಲ್ಲ. ಕೊನೆಗೆ 2021ರಲ್ಲಿ ತಮ್ಮದೇ ಯುಬಿಎಸ್ ಅರೀನಾಗೆ ಹೋದರು. ಫೈಸರ್ವ್‌ನಲ್ಲಿ ಕಾಲೇಜು ಹಾಕಿ ಪಂದ್ಯಾವಳಿ ನಡೆಯುತ್ತದೆ, ಐಸ್ ಮಾಡುವುದು ಸಮಸ್ಯೆಯಲ್ಲ. ಆದರೆ ಹಾಕಿಗೆ ಸಿಗುವುದು ಹದಿನೈದು ಸಾವಿರದಷ್ಟು ಸೀಟು. ಬಕ್ಸ್‌ನ 41 ಆಟ, ಮಾರ್ಕ್ವೆಟ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್, ಸಂಗೀತ ಕಾರ್ಯಕ್ರಮ, ಇವುಗಳ ನಡುವೆ ಇನ್ನೂ 41 ರಾತ್ರಿ ಹುಡುಕಬೇಕು. ಒಳ್ಳೆಯ ಶುಕ್ರವಾರ, ಶನಿವಾರಗಳನ್ನು ಬಕ್ಸ್ ಬಿಟ್ಟುಕೊಡುತ್ತದೆಯೇ?

ವಿಪರ್ಯಾಸವೆಂದರೆ ಹಾಕಿಗೆ ಹೇಳಿ ಮಾಡಿಸಿದಂಥ ಅರೀನಾ ಈ ಊರಿನಲ್ಲಿ ಒಂದು ಕಾಲಕ್ಕೆ ಇತ್ತು. ಆಡ್ಮಿರಲ್ಸ್ ಮಾಲೀಕರಾಗಿದ್ದ ಲಾಯ್ಡ್ ಮತ್ತು ಜೇನ್ ಪೆಟಿಟ್ ದಂಪತಿ, ಜೇನ್ ಅವರ ಮನೆತನದ ಅಲೆನ್-ಬ್ರಾಡ್ಲಿ ಕಂಪನಿಯ ಸಂಪತ್ತಿನಿಂದ ಬ್ರಾಡ್ಲಿ ಸೆಂಟರ್ ಕಟ್ಟಿಸಿ 1988ರಲ್ಲಿ ಊರಿಗೆ ದಾನ ಕೊಟ್ಟರು. ಹಾಕಿಗೆ ಹದಿನೇಳು ಸಾವಿರಕ್ಕೂ ಹೆಚ್ಚು ಸೀಟು. ಎನ್‌ಎಚ್‌ಎಲ್ ಬರಲಿ ಎನ್ನುವುದೇ ಉದ್ದೇಶವಾಗಿತ್ತು. ಲೀಗ್ ಹೊಸ ತಂಡಕ್ಕೆ 5 ಕೋಟಿ ಡಾಲರ್ ಶುಲ್ಕ ಇಟ್ಟಾಗ, 1990ರಲ್ಲಿ, ಲೆಕ್ಕ ಕೂಡಿಬರದೆ ಅವರೇ ಹಿಂದೆ ಸರಿದರು. ಆ ಸುತ್ತಿನಲ್ಲಿ ತಂಡ ಸಿಕ್ಕಿದ್ದು ಆಟವಾ ಮತ್ತು ಟ್ಯಾಂಪಾ ಬೇಗೆ. 2019ರಲ್ಲಿ ಬ್ರಾಡ್ಲಿ ಸೆಂಟರನ್ನೇ ಕೆಡವಿದರು. ಶುಲ್ಕ ಆಮೇಲೆ ಎಲ್ಲಿಗೆ ಹೋಯಿತು ನೋಡಿ: ಲಾಸ್ ವೇಗಸ್ 50 ಕೋಟಿ, ಸಿಯಾಟಲ್ 65 ಕೋಟಿ, 2024ರಲ್ಲಿ ಯೂಟಾಕ್ಕೆ ತಂಡ ತರಲು 120 ಕೋಟಿ ಡಾಲರ್.

ಹಾಗಾದರೆ ಚಿಕ್ಕ ಊರಿನಲ್ಲಿ ನಡೆದೇ ಇಲ್ಲವೇ? ನಡೆದಿದೆ. ಎಎಚ್‌ಎಲ್‌ನ ಮೂಸ್ ತಂಡವಿದ್ದ ಕೆನಡಾದ ವಿನಿಪೆಗ್‌ಗೆ 2011ರಲ್ಲಿ ಅಟ್ಲಾಂಟಾದ ಎನ್‌ಎಚ್‌ಎಲ್ ತಂಡ ಬಂದು ಜೆಟ್ಸ್ ಆಯಿತು. 13 ಸಾವಿರ ಸೀಸನ್ ಟಿಕೆಟ್‌ಗಳನ್ನು ಮೂರರಿಂದ ಐದು ವರ್ಷದ ಕರಾರಿನ ಮೇಲೆ ಜನ ಮುಗಿಬಿದ್ದು ಕೊಂಡರು. ಅಲ್ಲಿ ಎನ್‌ಬಿಎ ಬಾಸ್ಕೆಟ್‌ಬಾಲ್, ಮೇಜರ್ ಲೀಗ್ ಬೇಸ್‌ಬಾಲ್ ಪೈಪೋಟಿ ಇಲ್ಲ. ಮೂಸ್ ತಂಡ, ಅರೀನಾ, ಹೊಸ ಜೆಟ್ಸ್ ಮೂರೂ ಟ್ರೂ ನಾರ್ತ್ ಎಂಬ ಒಂದೇ ಸಂಸ್ಥೆಯವು. ಅದರ ಹಿಂದೆ ಡೇವಿಡ್ ಥಾಮ್ಸನ್‌ರಂಥ ಕುಬೇರ. ಇಷ್ಟಿದ್ದೂ ಕೋವಿಡ್ ನಂತರ ಸೀಸನ್ ಟಿಕೆಟ್ 9,500ರ ಸುತ್ತಮುತ್ತ ಇಳಿದು ಸಂಸ್ಥೆ ಬಹಿರಂಗವಾಗಿಯೇ ಆತಂಕ ಹೇಳಿಕೊಂಡಿತು. 75 ಡಾಲರಿನಂತೆ ಇಬ್ಬರಿಗೆ 41 ಆಟವೆಂದರೆ ವರ್ಷಕ್ಕೆ 6,150 ಡಾಲರ್. ಮೊದಲ ಉತ್ಸಾಹದಲ್ಲಿ ಕೊಟ್ಟವರೆಲ್ಲ ಎಂಟನೇ ವರ್ಷವೂ ಕೊಡುವುದಿಲ್ಲ.

ಯೂಟಾದ ಮಾದರಿಯೂ ಅದೇ: ಮಾಲೀಕ ರಯಾನ್ ಸ್ಮಿತ್ ಕೈಯಲ್ಲಿ ಜಾಝ್ ಬಾಸ್ಕೆಟ್‌ಬಾಲ್ ತಂಡ ಇತ್ತು, ಡೆಲ್ಟಾ ಸೆಂಟರ್ ಅರೀನಾ ಇತ್ತು, ಹಾಕಿ ಮೂರನೆಯದಾಗಿ ಸೇರಿತು. ಕಟ್ಟಡ ಹಾಕಿಗೆ ಸರಿಯಿರಲಿಲ್ಲ, ಆದರೆ ಒಡೆದು ಕಟ್ಟುವ ಅಧಿಕಾರ ಅವರದೇ. ಇದಕ್ಕೆ ತದ್ವಿರುದ್ಧ ಅದೇ ತಂಡದ ಹಿಂದಿನ ಬದುಕು, ಅರಿಜೋನಾ ಕಯೋಟೀಸ್. ಫೀನಿಕ್ಸ್ ಪಕ್ಕದ ಗ್ಲೆಂಡೇಲ್ ನಗರ ಅರೀನಾದ ಲೀಸ್ ಮುಂದುವರಿಸಲಿಲ್ಲ, ಐದು ಸಾವಿರ ಸೀಟೂ ಇಲ್ಲದ ಕಾಲೇಜು ಅರೀನಾದಲ್ಲಿ ಎರಡು ಋತು ಕಳೆದರು, 2023ರ ಮೇನಲ್ಲಿ ಅಲ್ಲೇ ಹತ್ತಿರದ ಟೆಂಪಿಯ ಮತದಾರರು ಹೊಸ ಅರೀನಾ ಬೇಡವೆಂದರು. ಫೀನಿಕ್ಸ್‌ನಷ್ಟು ದೊಡ್ಡ ಊರು ಕೂಡ ಸ್ವಂತ ಸೂರಿಲ್ಲದ ತಂಡವನ್ನು ಉಳಿಸಿಕೊಳ್ಳಲಿಲ್ಲ.

ಹಾಗಾಗಿ ಮಿಲ್ವಾಕಿಗೆ ಎನ್‌ಎಚ್‌ಎಲ್ ಬರುತ್ತದಂತೆ ಎಂಬ ಸುದ್ದಿ ಕಂಡಾಗ ಕೊಳ್ಳುವವರ ಹೆಸರು ಮೊದಲು ಓದಿ. ಅದರಲ್ಲಿ ಬಕ್ಸ್ ಮಾಲೀಕರಿಲ್ಲದಿದ್ದರೆ ಫೈಸರ್ವ್ ಜೊತೆಗಿನ ಬಾಡಿಗೆ ಕರಾರಿನಲ್ಲಿ ಸ್ಯೂಟ್ ಮತ್ತು ಬಿಯರ್ ಹಣ ಯಾರಿಗೆ ಎಂದು ಬರೆದಿದೆಯೋ ನೋಡಿ. ಅದೂ ಬಕ್ಸ್‌ಗೇ ಎಂದಿದ್ದರೆ ಆಡ್ಮಿರಲ್ಸ್‌ನ ಸೀಸನ್ ಟಿಕೆಟ್ ನವೀಕರಿಸಿಕೊಳ್ಳಿ.