ಆಷಾಢದಲ್ಲಿ ಬೇಸ್ ಗಿಟಾರ್ ಎಲ್ಲಿ ಮಲಗಬೇಕು?

ತುಮಕೂರಿನ ಬಿ.ಎಚ್. ರಸ್ತೆಗೆ ಹತ್ತಿರದ ಒಂದು ಕೋಣೆಯಲ್ಲಿ ನನ್ನ ರಿಪೇರಿ ಮೇಜಿದೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದ ಪ್ರೋಗ್ರಾಂ ಮುಗಿಯುವವರೆಗೆ, ಆಮೇಲೆ ಶಿವರಾತ್ರಿ ಜಾತ್ರೆಗಳಲ್ಲಿ, ಆರ್ಕೆಸ್ಟ್ರಾದವರ ಸಾಮಾನು ಟೆಂಪೊ, ಧೂಳು, ಮಳೆ ಎಲ್ಲವನ್ನೂ ಕಾಣುತ್ತದೆ. ಆದರೂ ಆಗ ನನ್ನ ಹತ್ತಿರ ರಿಪೇರಿಗೆ ಬರುವುದು ಕಡಿಮೆ. ಆಷಾಢ ಕಳೆದು ಶ್ರಾವಣ ಬಂತೋ, ಬಾಗಿಲಲ್ಲಿ ಸಾಲು. "ಏನೂ ಮಾಡಿಲ್ಲ ಸಾರ್, ಸುಮ್ನೆ ಇಟ್ಟಿದ್ದೆ ಅಷ್ಟೇ" ಅಂತಾರೆ. ಇಟ್ಟಿದ್ದಕ್ಕೇ ಕೆಟ್ಟಿದ್ದು. ಅದಕ್ಕೇ ಈ ಸಲ ಬೇಸ್ ಗಿಟಾರ್ ಮತ್ತು ಅದರ ಸದ್ದು ಹೆಚ್ಚಿಸುವ ಆಂಪ್ (ಆಂಪ್ಲಿಫೈಯರ್) ಬಗ್ಗೆ ಬಂದ ಪತ್ರಗಳನ್ನೇ ಆರಿಸಿದ್ದೇನೆ.

ಪ್ರಶ್ನೆ: ಸಾರ್, ನಾನು ತಿಪಟೂರಿನವನು, ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತೇನೆ. ಆಷಾಢದಿಂದ ಗಣೇಶನ ಹಬ್ಬದವರೆಗೆ ಕೆಲಸ ಇರುವುದಿಲ್ಲ. ತಂತಿ ಪೂರ್ತಿ ಸಡಿಲ ಮಾಡಿ ಅಟ್ಟದ ಮೇಲೆ ಇಡು ಅಂತ ನಮ್ಮ ಕೀಬೋರ್ಡ್ ಅಣ್ಣ ಹೇಳಿದರು. ಹೋದ ವರ್ಷ ಹಾಗೇ ಮಾಡಿದೆ. ತೆಗೆದು ಶ್ರುತಿ ಮಾಡಿದರೆ ಮೊದಲ ನಾಲ್ಕೈದು ಫ್ರೆಟ್ಟಿನಲ್ಲಿ, ಅಂದರೆ ತಂತಿಯ ಕೆಳಗಿನ ಅಡ್ಡ ಲೋಹದ ಪಟ್ಟಿಗಳಲ್ಲಿ, ತಂತಿ ಬಡಿದು ಗರಗರ ಅಂತಿತ್ತು. ಸರಿಯಾದ ಕ್ರಮ ಯಾವುದು?

ಉತ್ತರ: ನಿಮ್ಮ ಅಣ್ಣ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಎರಡೂ ಮಾತು ತಪ್ಪು.

ಬೇಸ್‌ನ ನಾಲ್ಕು ತಂತಿ ಸೇರಿ ನೆಕ್ಕನ್ನು, ಅಂದರೆ ಎಡಗೈ ಹಿಡಿಯುವ ಉದ್ದನೆಯ ಕುತ್ತಿಗೆಯನ್ನು, ಸುಮಾರು 70ರಿಂದ 80 ಕೆಜಿಯಷ್ಟು ಎಳೆಯುತ್ತವೆ. ಒಬ್ಬ ಆಳು ಸದಾ ಜೋತುಬಿದ್ದ ಹಾಗೆ. ಅದನ್ನು ತಡೆಯಲು ನೆಕ್ಕಿನ ಒಳಗೆ ಒಂದು ಕಬ್ಬಿಣದ ಸರಳಿದೆ, ಅದೇ ಟ್ರಸ್ ರಾಡ್. ತಂತಿ ಮುಂದಕ್ಕೆ ಎಳೆದರೆ ರಾಡ್ ಹಿಂದಕ್ಕೆ ಎಳೆಯುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಹಗ್ಗ ಬಿಟ್ಟರೆ ಏನಾಗುತ್ತೆ? ಇಲ್ಲೂ ಅದೇ ಆಗಿದೆ. ಎರಡು ತಿಂಗಳು ರಾಡ್ ಒಂದೇ ಎಳೆದು ನೆಕ್ ಹಿಂದಕ್ಕೆ ಬಾಗಿದೆ. ಮೊದಲ ಫ್ರೆಟ್ಟುಗಳಲ್ಲೇ ಗರಗರ ಅನ್ನುವುದು ಅದರ ಗುರುತು. ಹಾಗಾಗಿ ತಂತಿಯನ್ನು ಶ್ರುತಿಯಲ್ಲೇ ಬಿಡಿ. ಮನಸ್ಸು ಒಪ್ಪದಿದ್ದರೆ ಶ್ರುತಿಯನ್ನು ಅರ್ಧ ಮನೆ (ಒಂದು ಫ್ರೆಟ್ಟಿನಷ್ಟು), ಜಾಸ್ತಿ ಅಂದರೆ ಒಂದು ಮನೆ ಇಳಿಸಿ. ಅದಕ್ಕಿಂತ ಬೇಡ.

ಈ ಸಲ ಮತ್ತೆ ಹಾಗಾದರೆ ತಕ್ಷಣ ರಾಡ್ ತಿರುಗಿಸಲು ಹೋಗಬೇಡಿ. ಪೂರ್ತಿ ಶ್ರುತಿ ಮಾಡಿ ಮೂರು ನಾಲ್ಕು ದಿನ ಬಿಡಿ. ಎಷ್ಟೋ ಸಲ ನೆಕ್ ತಾನೇ ಮುಂದಕ್ಕೆ ಬರುತ್ತದೆ. ಆಮೇಲೆ ನೋಡುವ ಕ್ರಮ ಹೀಗೆ: ದಪ್ಪ ತಂತಿಯನ್ನು ಎಡಗೈಯಿಂದ ಮೊದಲ ಫ್ರೆಟ್ಟಿನಲ್ಲಿ ಒತ್ತಿ, ಬಲಗೈಯಿಂದ ಕೊನೆಯ ಫ್ರೆಟ್ಟಿನಲ್ಲಿ ಒತ್ತಿ. ಈಗ ತಂತಿಯೇ ನಿಮ್ಮ ಸ್ಕೇಲು. ಏಳು-ಎಂಟನೇ ಫ್ರೆಟ್ಟಿನ ಹತ್ತಿರ ಫ್ರೆಟ್ಟಿಗೂ ತಂತಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡು ತೂರುವಷ್ಟು, ಅಂದರೆ ಸುಮಾರು 0.3 ಮಿಲಿಮೀಟರ್, ಸಂದು ಇರಬೇಕು. ಸಂದೇ ಇಲ್ಲದಿದ್ದರೆ ನೆಕ್ ಹಿಂದಕ್ಕೆ ಹೋಗಿದೆ, ರಾಡ್ ಸಡಿಲಿಸಬೇಕು. ಎರಡು ಮೂರು ಕಾರ್ಡು ತೂರಿದರೆ ಬಿಗಿ ಮಾಡಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ, ಮತ್ತೆ ಒಂದು ದಿನ ಕಾಯಿರಿ. ಅಲೆನ್ ಕೀ ಅಳತೆ ಸರಿಯಾಗಿರಲಿ. ನಾನು ಕಲಿಯುವ ಕಾಲದಲ್ಲಿ ಸೈಕಲ್ ಅಂಗಡಿಯಿಂದ ಒಂದು ಕೀ ತಂದು, ಒಳಗೆ ಸ್ವಲ್ಪ ಆಡುತ್ತಿದ್ದರೂ ತಿರುಗಿಸಿಬಿಟ್ಟೆ. ನಟ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾದವು. ಆ ಬೇಸ್ ಈಗಲೂ ಹಾಗೇ ಇದೆ, ಗೋಡೆಯಲ್ಲಿ ನೇತಾಡಿಕೊಂಡು.

ಇನ್ನು ಅಟ್ಟದ ಮಾತು. ಸೂರಿಗೆ ಹತ್ತಿರದ ಜಾಗ ಹಗಲು ಕಾದು ರಾತ್ರಿ ತಣ್ಣಗಾಗುತ್ತದೆ. ಶೀಟಿನ ಮನೆಯಾದರಂತೂ ಕೇಳುವುದೇ ಬೇಡ. ಮರಕ್ಕೆ ಬಿಸಿಲಿಗಿಂತ ಈ ಏರಿಳಿತ ಜಾಸ್ತಿ ಕಾಟ ಕೊಡುತ್ತದೆ. ಮನೆಯ ನಡುಕೋಣೆ ಒಳ್ಳೆಯದು, ಮಳೆ ಹೊಡೆಯದ ಒಳಗೋಡೆಯ ಪಕ್ಕ. ಬೇಸ್ ನಾಲ್ಕಡಿಗೆ ಸ್ವಲ್ಪವೇ ಕಡಿಮೆ ಉದ್ದ, ಹಾಗಾಗಿ ಬೀರುವಿನಲ್ಲಿ ನಿಲ್ಲುವುದು ಕಷ್ಟ. ಗಟ್ಟಿ ಕೇಸಿದ್ದರೆ ಮಂಚದ ಕೆಳಗೆ ಮಲಗಿಸಬಹುದು. ಬರೀ ಬಟ್ಟೆಯ ಬ್ಯಾಗಾದರೆ ಗೋಡೆಯ ಹುಕ್ಕಿಗೆ ನೇತುಹಾಕಿ. ಮೂಲೆಗೆ ಒರಗಿಸಿ ನಿಲ್ಲಿಸಬೇಡಿ, ಒಂದು ದಿನ ಪೊರಕೆ ತಗುಲಿ ಬಿದ್ದೇ ಬೀಳುತ್ತದೆ. ಮಳೆಯಲ್ಲಿ ನೆನೆದ ಬ್ಯಾಗಿನೊಳಗೆ ಯಾವತ್ತೂ ಮುಚ್ಚಿಡಬೇಡಿ. ಬ್ಯಾಗಿನ ಸ್ಪಂಜು ಹೊರಗೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ನೀರು ಹಿಡಿದಿರುತ್ತದೆ.

ಕೋಣೆಯ ತೇವಾಂಶ ಶೇ. 45ರಿಂದ 55ರೊಳಗೆ ಇದ್ದರೆ ಮರಕ್ಕೆ ಹಿತ. ಅಳೆಯುವ ಸಣ್ಣ ಹೈಗ್ರೋಮೀಟರ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದು ನಿಜ ಹೇಳುತ್ತಿದೆಯೋ ಇಲ್ಲವೋ ಒಮ್ಮೆ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟೇ ನೀರು ಬಿಡಿ. ಅದನ್ನೂ ಮೀಟರನ್ನೂ ಒಂದು ಜಿಪ್ ಕವರಿನಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ 75 ತೋರಿಸಬೇಕು. 70 ತೋರಿಸಿದರೆ ಆ ಮೀಟರ್ ಐದು ಕಡಿಮೆ ಹೇಳುತ್ತಿದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಬೇಸಿಗೆ ಶುರುವಾಗುವ ಮುಂಚೆ ತೆಗೆದುಬಿಡಿ. ನಮ್ಮ ಬಯಲುಸೀಮೆಯ ಮಾರ್ಚ್-ಏಪ್ರಿಲ್‌ನಲ್ಲಿ ಮರ ಹೇಗೂ ಒಣಗಿ ಸೊರಗಿರುತ್ತದೆ. ಆಗ ನೆಕ್ಕಿನ ಅಂಚಿನಲ್ಲಿ ಬೆರಳು ಜಾರಿಸಿದರೆ ಫ್ರೆಟ್ಟಿನ ತುದಿಗಳು ಗರಗಸದ ಹಲ್ಲಿನ ಹಾಗೆ ತಾಗುತ್ತವೆ. ಫ್ರೆಟ್ ಬೆಳೆದದ್ದಲ್ಲ, ಮರ ಕುಗ್ಗಿದ್ದು.

ನಿಮ್ಮದು ಬ್ಯಾಟರಿ ಹಾಕುವ ಆ್ಯಕ್ಟಿವ್ ಬೇಸ್ ಆದರೆ, ಇಡುವಾಗ 9 ವೋಲ್ಟ್ ಬ್ಯಾಟರಿ ತೆಗೆದಿಡಿ. ಕೇಬಲ್ ಸಿಕ್ಕಿಸಿದ್ದರೆ ಸಾಕು, ಅದರ ಒಳಗಿನ ಸರ್ಕ್ಯೂಟ್ ಆನ್ ಆಗೇ ಇರುತ್ತದೆ.

ಪ್ರಶ್ನೆ: ಗುಬ್ಬಿಯಿಂದ ಬರೆಯುತ್ತಿದ್ದೇನೆ. ಫ್ರೆಟ್‌ಬೋರ್ಡ್ ಬಿಳಿಚಿಕೊಂಡಿದೆ. ಅಮ್ಮ ಕೊಬ್ಬರಿ ಎಣ್ಣೆ ಹಚ್ಚು ಅಂತಾರೆ. ಹಚ್ಚಬಹುದಾ?

ಉತ್ತರ: ನಮ್ಮ ಜಿಲ್ಲೆಯಲ್ಲಿ ಕೊಬ್ಬರಿ ಎಣ್ಣೆಗೆ ಆಗದ ಕೆಲಸವೇ ಇಲ್ಲ ಅನ್ನುವ ನಂಬಿಕೆ. ಇದೊಂದು ಬೇಡ. ಅಡುಗೆ ಎಣ್ಣೆ, ತಲೆ ಎಣ್ಣೆ ಯಾವುದೇ ಇರಲಿ, ಕ್ರಮೇಣ ಅಂಟಾಗಿ ಧೂಳು ಕಟ್ಟುತ್ತದೆ, ವಾಸನೆಯೂ ಬರುತ್ತದೆ. ಬೀಟೆಯಂಥ ಕಪ್ಪು ಮರವಾದರೆ ಸಂಗೀತದ ಅಂಗಡಿಯಲ್ಲಿ ಸಿಗುವ ಫ್ರೆಟ್‌ಬೋರ್ಡ್ ಎಣ್ಣೆಯನ್ನು ವರ್ಷಕ್ಕೆ ಎರಡು ಸಲ, ಬಟ್ಟೆಗೆ ನಾಲ್ಕು ಹನಿ ಹಾಕಿ ಒರೆಸಿ, ಐದು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಎಲ್ಲ ತೆಗೆಯಿರಿ. ಹೊಳಪು ಬಳಿದ ತಿಳಿ ಬಣ್ಣದ ಮೇಪಲ್ ಆದರೆ ಎಣ್ಣೆಯೇ ಬೇಡ.

ಪ್ರಶ್ನೆ: ಕೆಜಿಎಫ್‌ನಲ್ಲಿ ನಮ್ಮ ಚರ್ಚಿನ ಬ್ಯಾಂಡಿನಲ್ಲಿ ಬೇಸ್ ನುಡಿಸಿಕೊಂಡೇ ಹಾಡುತ್ತೇನೆ. ತುಟಿ ಮೈಕಿಗೆ ತಾಗಿದರೆ ಚುರ್ ಅಂತ ಶಾಕ್ ಹೊಡೆಯುತ್ತೆ. ತಂತಿಯಿಂದ ಕೈ ತೆಗೆದರೆ ಆಂಪ್ ಗುಂಯ್ ಅಂತ ಸದ್ದು ಮಾಡುತ್ತೆ. ಆಂಪ್ ಕೆಟ್ಟಿದೆಯಾ ಸಾರ್?

ಉತ್ತರ: ಇದು ಸರಿಯಾಗುವವರೆಗೆ ಬೇಸ್ ಹಿಡಿದುಕೊಂಡು ಮೈಕ್ ಮುಟ್ಟಬೇಡಿ ತಾಯಿ. ಬೇರೆ ಮಾತು ಆಮೇಲೆ. ಇವತ್ತು ಚುರ್ ಅಂದದ್ದು ನಾಳೆ ಜೀವ ತೆಗೆಯಬಹುದು.

ಬೇಸ್‌ನ ತಂತಿಗಳು ಬ್ರಿಡ್ಜಿನ ಮೂಲಕ, ಕೇಬಲ್ಲಿನ ಮೂಲಕ ಆಂಪಿನ ಲೋಹದ ಪೆಟ್ಟಿಗೆಗೆ, ಅಲ್ಲಿಂದ ಪ್ಲಗ್ಗಿನ ದಪ್ಪ ಪಿನ್ನಿಗೆ, ಅಲ್ಲಿಂದ ಚರ್ಚಿನ ಅರ್ಥಿಂಗ್ ಗುಂಡಿಗೆ ಸೇರಬೇಕು. ಮೈಕಿನ ಜಾಲರಿಗೂ ಮಿಕ್ಸರ್ ಮೂಲಕ ಅದೇ ದಾರಿ. ದಾರಿ ಎಲ್ಲೋ ಕಡಿದಿದ್ದರೆ ಒಂದು ಕಡೆ ಕರೆಂಟು ನಿಂತಿರುತ್ತದೆ. ಒಂದು ಕೈಯಲ್ಲಿ ತಂತಿ, ಇನ್ನೊಂದು ಕಡೆ ತುಟಿ. ನಡುವೆ ನೀವೇ ವೈರು.

ಆಂಪನ್ನು ದೂರುವ ಮೊದಲು ಎಕ್ಸ್‌ಟೆನ್ಷನ್ ಬಾಕ್ಸ್ ಬಿಚ್ಚಿ ನೋಡಿ, ಪ್ಲಗ್ ತೆಗೆದ ಮೇಲೆ. ನಾನು ನೋಡಿದ ಇಂಥ ಕೇಸುಗಳಲ್ಲಿ ಜಾಸ್ತಿ ಸಲ ಕಳ್ಳ ಸಿಕ್ಕಿದ್ದು ಅಲ್ಲೇ. ಹೊರಗೆ ಮೂರು ತೂತಿನ ಸಾಕೆಟ್ಟು, ಒಳಗೆ ಬಂದಿರುವುದು ಕೆಂಪು ಕಪ್ಪು ಎರಡೇ ವೈರು. ಹಸಿರು ವೈರೇ ಇಲ್ಲ. ನೋಡಿದರೆ ಮೂರು ಪಿನ್, ಕೆಲಸಕ್ಕೆ ಎರಡೇ. ಅದು ಸರಿ ಇದ್ದರೆ ಎಲೆಕ್ಟ್ರೀಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಇದ್ದಲು ಉಪ್ಪು ಹಾಕಿದ ಹಳೆಯ ಗುಂಡಿಯಾದರೆ, ನಿಮ್ಮ ಕೋಲಾರದ ಕಡೆಯ ಬೇಸಿಗೆಯಲ್ಲಿ ನೆಲ ಒಣಗಿ ಅದು ಇದ್ದೂ ಇಲ್ಲದಂತಾಗುತ್ತದೆ. ಬಕೆಟ್ ನೀರು ಹೊಯ್ಯುವುದು ಯಾರ ಕೆಲಸ ಅಂತ ಚರ್ಚಿನಲ್ಲಿ ಒಬ್ಬರಿಗೆ ವಹಿಸಿಬಿಡಿ. ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು, ಹಾಕಿಸಿ. ಆಂಪ್, ಮಿಕ್ಸರ್, ಕೀಬೋರ್ಡ್ ಎಲ್ಲಕ್ಕೂ ಒಂದೇ ಬೋರ್ಡಿನಿಂದ ಲೈನ್ ತೆಗೆಯಿರಿ. ಗುಂಯ್ ಅಂತ ಸದ್ದು ಬರುತ್ತೆ ಅಂತ ಯಾರಾದರೂ ದಪ್ಪ ಪಿನ್ ಕಿತ್ತು ಕೊಟ್ಟರೆ, ಆ ಪ್ಲಗ್ಗನ್ನು ಕತ್ತರಿಸಿ ಎಸೆಯಿರಿ.

ಮೈಕಿಗೆ ಸ್ಪಂಜಿನ ಟೋಪಿ ಹಾಕಿದರೆ ತುಟಿಗೆ ತಾಗುವುದಿಲ್ಲ ನಿಜ. ಅದು ತೇಪೆ, ರಿಪೇರಿ ಅಂದುಕೊಳ್ಳಬೇಡಿ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ತರಿಸಿಕೊಂಡ ಊರು ನಿಮ್ಮದು, ಬೆಂಗಳೂರಿಗಿಂತ ಮುಂಚೆ. ಒಂದು ಹಸಿರು ವೈರಿಗೆ ಯೋಚನೆ ಮಾಡಬಾರದು.

ಪ್ರಶ್ನೆ: ಚಿಂತಾಮಣಿಯಲ್ಲಿ ನಮ್ಮದು ಆರ್ಕೆಸ್ಟ್ರಾ. ಆಂಪಿನ ಹಿಂದೆ "ಕನಿಷ್ಠ 4 ಓಮ್" ಅಂತ ಇದೆ. 8 ಓಮಿನ ಎರಡು ಸ್ಪೀಕರ್ ಕ್ಯಾಬಿನೆಟ್ ಹಾಕಬಹುದಾ? ಗಿಟಾರ್ ಕೇಬಲ್ಲಿನಲ್ಲೇ ಜೋಡಿಸಿದ್ದೇವೆ.

ಉತ್ತರ: ಓಮ್ ಅಂದರೆ ಕರೆಂಟಿಗೆ ಇರುವ ತಡೆ. ಪ್ಯಾರಲಲ್ ಆಗಿ ಜೋಡಿಸಿದರೆ ಕರೆಂಟಿಗೆ ಎರಡು ದಾರಿ, ತಡೆ ಅರ್ಧ. ಹಾಗಾಗಿ ಎರಡು ಎಂಟು ಸೇರಿದರೆ ನಾಲ್ಕು, ಧಾರಾಳವಾಗಿ ಹಾಕಿ. ಮೂರನೆಯದು ಬೇಡ. ಕೇಬಲ್ ಮಾತ್ರ ಇವತ್ತೇ ಬದಲಾಯಿಸಿ. ಗಿಟಾರ್ ಕೇಬಲ್ಲಿನ ಒಳಗಿನ ಎಳೆ ಕೂದಲಿನಷ್ಟು ಸಣ್ಣದು. ಸ್ಪೀಕರಿಗೆ ಹೋಗುವ ಕರೆಂಟಿಗೆ ಅದು ಬಿಸಿಯಾಗಿ ಕರಗಿ ಶಾರ್ಟ್ ಆದರೆ ಆಂಪ್ ಸುಡುತ್ತದೆ. ಸ್ಪೀಕರ್ ಕೇಬಲ್ ಅಂತಲೇ ಕೇಳಿ ತನ್ನಿ. ಜನರೇಟರ್ ಇರುವ ಕಡೆ ಮೊದಲು ಅದು ನಿಧಾನಕ್ಕೆ ಸ್ಥಿರವಾಗಲಿ, ಆಮೇಲೆ ಆಂಪ್ ಆನ್ ಮಾಡಿ. ಮುಗಿದಾಗ ಮೊದಲು ಆಂಪ್ ಆಫ್.

ಪ್ರಶ್ನೆ: ಬೇಸ್ ತಂತಿ ತುಂಬಾ ದುಬಾರಿ. ನೀರಲ್ಲಿ ಕುದಿಸಿದರೆ ಹೊಸದಾಗುತ್ತೆ ಅಂತ ಚಿಕ್ಕಬಳ್ಳಾಪುರದ ಗೆಳೆಯರು ಹೇಳ್ತಾರೆ. ನಿಜವಾ?

ಉತ್ತರ: ಅರ್ಧ ನಿಜ. ದಪ್ಪ ತಂತಿಯ ಮೇಲಿನ ಸುತ್ತುಗಳ ಸಂದಿನಲ್ಲಿ ಬೆವರು, ಚರ್ಮ, ಧೂಳು ಸೇರಿ ಸದ್ದು ಮಂಕಾಗುತ್ತದೆ. ಕುದಿಸಿದರೆ ಕೊಳೆ ಬಿಡುತ್ತದೆ, ಸದ್ದು ಸ್ವಲ್ಪ ದಿನ ಮಿನುಗುತ್ತದೆ. ಆದರೆ ಸಂದಿನಲ್ಲಿ ನೀರು ನಿಂತು ತುಕ್ಕು ಶುರುವಾಗುತ್ತದೆ. ಅದಕ್ಕಿಂತ ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರಾವಣ ಒಳ್ಳೆಯದು. ಒಂದು ಕಡೆ ಮುಚ್ಚಿದ ಪಿವಿಸಿ ಪೈಪಿನಲ್ಲಿ ತಂತಿ ಇಳಿಬಿಟ್ಟು, ಅದನ್ನು ತುಂಬಿ ಒಂದು ದಿನ ಬಿಡಿ. ತೆಗೆದು ಒರೆಸಿದರೆ ಬಟ್ಟೆ ಕಪ್ಪಾಗುವುದನ್ನು ನೋಡಿ ನಿಮಗೇ ನಾಚಿಕೆಯಾಗುತ್ತದೆ. ಬೆಂಕಿಯಿಂದ ದೂರ ಮಾಡಿ, ಗಿಟಾರಿನ ಬಣ್ಣದ ಮೇಲೆ ಚೆಲ್ಲಬೇಡಿ.

ಎಲ್ಲಕ್ಕಿಂತ ಅಗ್ಗದ ಉಪಾಯ ಹಳೇ ಬನಿಯನ್ನು. ನುಡಿಸಿ ಮುಗಿದ ತಕ್ಷಣ ತಂತಿಯ ಮೇಲೂ ಕೆಳಗೂ ಒಮ್ಮೆ ಎಳೆಯಿರಿ. ಹೊಸ ತಂತಿ ಹಾಕುವಾಗ ತುದಿಯನ್ನು ಮೊದಲು ಲಂಬಕೋನಕ್ಕೆ ಬಗ್ಗಿಸಿ, ಬಗ್ಗಿದ ಮೇಲೆ ಕತ್ತರಿಸಿ. ನೆಟ್ಟಗಿರುವಾಗಲೇ ಕತ್ತರಿಸಿದರೆ ಸುತ್ತು ಒಳಗೊಳಗೇ ಬಿಚ್ಚಿಕೊಂಡು ತಂತಿ ಸತ್ತಂತಾಗುತ್ತದೆ.

ಪ್ರಶ್ನೆ: ನಮ್ಮ ತಂದೆ ಶಿರಾದಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದರು. ಅವರ ಬೇಸ್ ಆಂಪ್ ಹೆಡ್ (ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆ) ಮತ್ತು ಕ್ಯಾಬಿನೆಟ್ ಆರು ವರ್ಷದಿಂದ ಗೋದಾಮಿನಲ್ಲಿವೆ. ವಾಲ್ವ್ ಇಲ್ಲದ ಹಳೆಯ ಟ್ರಾನ್ಸಿಸ್ಟರ್ ಆಂಪ್. ನೇರ ಪ್ಲಗ್ ಹಾಕಿ ನೋಡಬಹುದಾ?

ಉತ್ತರ: ಕೈ ತಡೆಯಿರಿ. ಕ್ಯಾಬಿನೆಟ್ಟಿನಿಂದ ಶುರು ಮಾಡೋಣ. ಮುಂದಿನ ಗಾಳಿಯ ತೂತಿನಲ್ಲಿ ಟಾರ್ಚ್ ಬಿಟ್ಟು ನೋಡಿ. ಗೋದಾಮಿನಲ್ಲಿಟ್ಟ ಕ್ಯಾಬಿನೆಟ್ ಇಲಿಗಳಿಗೆ ಬಾಡಿಗೆಯಿಲ್ಲದ ಮನೆ: ಬಾಗಿಲು ಇದೆ, ಹಾಸಿಗೆಗೆ ಒಳಗೆ ಹತ್ತಿ ಇದೆ, ತಿನ್ನಲು ಕಾಗದದ ಕೋನ್ ಇದೆ. ಕೆಳಗಿನ ಹಲಗೆ ನೆಲದ ತೇವಕ್ಕೆ ಉಬ್ಬಿದೆಯಾ, ಗೆದ್ದಲು ಹತ್ತಿದೆಯಾ ನೋಡಿ. ಕೋನಿನ ಸುತ್ತ ಸ್ಪಂಜಿನ ಅಂಚಿದ್ದರೆ ಬೆರಳಿಂದ ಮೆಲ್ಲಗೆ ಒತ್ತಿ, ಪುಡಿಯಾದರೆ ಅಂಚು ಬದಲಾಯಿಸಬೇಕು. ಬಟ್ಟೆಯ ಅಂಚು ಹಾಗಾಗುವುದಿಲ್ಲ. ಆಮೇಲೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಎರಡು ವೈರಿನಿಂದ ಸ್ಪೀಕರಿಗೆ ಒಂದು ಕ್ಷಣ ತಾಗಿಸಿ. ಟಪ್ ಅಂದು ಕೋನ್ ಅಲುಗಿದರೆ ಜೀವ ಇದೆ. 8 ಓಮಿನ ಸ್ಪೀಕರ್ ಮೀಟರಿನಲ್ಲಿ 6ರ ಹತ್ತಿರ ತೋರಿಸಿದರೆ ಗಾಬರಿ ಬೇಡ, ಅದು ಹಾಗೇ.

ಹೆಡ್ ವಿಷಯಕ್ಕೆ ಬಂದರೆ, ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ವರ್ಷಗಟ್ಟಲೆ ಕರೆಂಟು ಕಾಣದೆ ಕೆಲಸ ಮರೆತಿರುತ್ತವೆ. ಒಮ್ಮೆಲೇ 230 ವೋಲ್ಟ್ ಕೊಟ್ಟರೆ ಸಿಡಿಯಬಹುದು. ಮೊದಲು ಫ್ಯೂಸ್ ತೆಗೆದು ನೋಡಿ. ಅದರ ಜಾಗದಲ್ಲಿ ಸಿಗರೇಟಿನ ಬೆಳ್ಳಿ ಕಾಗದವೋ ವೈರೋ ಸುತ್ತಿದ್ದರೆ ಸರಿಯಾದ ಫ್ಯೂಸ್ ಹಾಕಿ. ಆಮೇಲೆ ಊರಿನ ಎಲೆಕ್ಟ್ರೀಷಿಯನ್ ಹತ್ತಿರ ಸೀರೀಸ್ ಬೋರ್ಡ್ ಇರುತ್ತದೆ, ಆಂಪಿಗೆ ಹೋಗುವ ಕರೆಂಟು ಬಲ್ಬಿನ ಮೂಲಕವೇ ಹಾಯುವಂತೆ ಹಳೆಯ ಕಾಲದ 100 ವಾಟಿನ ಬುರುಡೆ ಬಲ್ಬು ಹಾಕಿದ್ದು. ಎಲ್‌ಇಡಿ ಆಗದು. ಕ್ಯಾಬಿನೆಟ್ ಜೋಡಿಸದೆ ಅದರ ಮೂಲಕ ಆನ್ ಮಾಡಿ. ವಾಲ್ವ್ ಆಂಪನ್ನು ಮಾತ್ರ ಹೀಗೆ ಸ್ಪೀಕರ್ ಇಲ್ಲದೆ ಓಡಿಸಬಾರದು, ನಿಮ್ಮದಕ್ಕೆ ತೊಂದರೆಯಿಲ್ಲ. ಬಲ್ಬು ಒಮ್ಮೆ ಜೋರಾಗಿ ಬೆಳಗಿ ಮಂಕಾದರೆ ಒಳ್ಳೆಯ ಲಕ್ಷಣ. ಅರ್ಧ ಗಂಟೆ ಹಾಗೇ ಬಿಟ್ಟು, ವಾಸನೆ ಹೊಗೆ ಏನೂ ಇಲ್ಲದಿದ್ದರೆ ನೇರ ಲೈನಿಗೆ ಹಾಕಿ, ಕ್ಯಾಬಿನೆಟ್ ಜೋಡಿಸಿ.

ಆಗ ಕರಕರ ಸದ್ದು ಬರುತ್ತದೆ, ಬರಲಿ. ಆಫ್ ಮಾಡಿ ಎಲ್ಲ ನಾಬ್‌ಗಳನ್ನೂ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಹೋಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಟಿಕೆ ಹೊಡೆಯಿರಿ. ಸದ್ದು ಬಂದು ಬಂದು ಹೋಗುತ್ತಿದ್ದರೆ ಹಿಂದೆ ಸೆಂಡ್, ರಿಟರ್ನ್ ಅಂತ ಎರಡು ಜಾಕ್ ಇವೆಯಾ ನೋಡಿ. ಯಾರೂ ಬಳಸದ ಆ ಜಾಕಿನ ಒಳಗಿನ ಲೋಹದ ಪತ್ತಿಗೆ ಕಿಲುಬು ಹಿಡಿದು ಸದ್ದು ಅಲ್ಲೇ ನಿಲ್ಲುತ್ತದೆ. ಒಂದು ಕೇಬಲ್ಲನ್ನು ಹತ್ತು ಸಲ ಹಾಕಿ ತೆಗೆಯಿರಿ. ಇದೊಂದೇ ಕಾರಣಕ್ಕೆ ಗುಜರಿಗೆ ಹೊರಟಿದ್ದ ಆಂಪುಗಳು ನನ್ನ ಮೇಜಿನ ಮೇಲೆ ಎರಡು ನಿಮಿಷದಲ್ಲಿ ಹಾಡಿವೆ.

ಸರಿಹೋದ ಮೇಲೆ ಮತ್ತೆ ಗೋದಾಮಿಗೆ ಹಾಕಬೇಡಿ. ಹಲಗೆಯ ಮೇಲೆ ಎತ್ತರಿಸಿ, ಗಾಳಿಯ ತೂತಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆದು, ಪ್ಲಾಸ್ಟಿಕ್ ಬಿಟ್ಟು ಹತ್ತಿ ಬಟ್ಟೆ ಹೊದಿಸಿ. ಎರಡು ಮೂರು ತಿಂಗಳಿಗೊಮ್ಮೆ ಒಂದು ಗಂಟೆ ಆನ್ ಮಾಡಿ. ಆದರೆ ಆ ಸೀರೀಸ್ ಬಲ್ಬು ಮಂಕಾಗದೆ ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಪ್ಲಗ್ ತೆಗೆದು, ಹೆಡ್ಡನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ತುಮಕೂರಿನ ಬಸ್ಸು ಹತ್ತಿ. ಕ್ಯಾಬಿನೆಟ್ ತರುವುದು ಬೇಡ, ನನ್ನ ಹತ್ತಿರ ಇದೆ.