‘ಹಿಚ್‌ಹೈಕರ್ಸ್ ಗೈಡ್’ ಮುಗಿದ ಮೇಲೆ ಏನು?

ಡಗ್ಲಾಸ್ ಆಡಮ್ಸ್‌ನ ಈ ಸರಣಿಯ ಐದೂ ಪುಸ್ತಕ ಮುಗೀತು, ನಗಿಸುವ ಸೈನ್ಸ್ ಫಿಕ್ಷನ್ ಕಾದಂಬರಿ ಇನ್ನೇನಿದೆ ಅಂತ ಕೇಳಿದ್ದೀರಿ. ಮೊದಲು ಪೋಲೆಂಡಿನ ಸ್ತಾನಿಸ್ಲಾವ್ ಲೆಮ್‌ನ ‘ದ ಸೈಬೀರಿಯಾಡ್’ ಹಿಡಿಯಿರಿ. 1965ರದ್ದು. ಕಾದಂಬರಿ ಅಲ್ಲ, ಕಥೆಗಳು, ಆದರೂ ಬಿಡಬೇಡಿ. ಟ್ರುರ್ಲ್, ಕ್ಲಪೌಸಿಯಸ್ ಅಂತ ಇಬ್ಬರು ಇಂಜಿನಿಯರುಗಳು, ಅವರೂ ರೋಬೋಟುಗಳೇ. ಗೆಳೆಯರೂ ಹೌದು, ಒಬ್ಬರಿಗೊಬ್ಬರ ಮೇಲೆ ಹೊಟ್ಟೆಕಿಚ್ಚೂ ಜಾಸ್ತಿ. ಟ್ರುರ್ಲ್ ಒಂದು ಯಂತ್ರ ಕಟ್ಟುತ್ತಾನೆ. ‘ಎನ್’ ಅಕ್ಷರದಿಂದ ಶುರುವಾಗುವ ಏನನ್ನು ಕೇಳಿದರೂ ಮಾಡಿಕೊಡುತ್ತದೆ. ಗೆಳೆಯ ಬಂದು ‘ನಥಿಂಗ್’ ಮಾಡು ಅನ್ನುತ್ತಾನೆ. ಯಂತ್ರ ಸುಮ್ನೆ ನಿಂತಂತೆ ಕಾಣುತ್ತದೆ. ನೋಡಿದರೆ ಅದು ಆಗಲೇ ಜಗತ್ತಿನ ಒಂದೊಂದೇ ವಸ್ತುವನ್ನು ಅಳಿಸುತ್ತಾ ಹೊರಟಿದೆ! ಗಾಬರಿಬಿದ್ದು ನಿಲ್ಲಿಸುವಷ್ಟರಲ್ಲಿ ಆಕಾಶ ಮುಕ್ಕಾಲು ಖಾಲಿ. ಮೈಕಲ್ ಕ್ಯಾಂಡೆಲ್‌ನ ಇಂಗ್ಲಿಷ್ ಅನುವಾದದಲ್ಲೇ ಓದಿ, ಪದಗಳ ಜೊತೆ ಆಟ ಆಡಿದ್ದಾನೆ ಪುಣ್ಯಾತ್ಮ.

ನಿಮಗೆ ಕಾದಂಬರಿಯೇ ಬೇಕು ಅಲ್ವಾ? ಹಾಗಾದರೆ ಕಾನಿ ವಿಲ್ಲಿಸ್‌ಳ ‘ಟು ಸೇ ನಥಿಂಗ್ ಆಫ್ ದ ಡಾಗ್’. 1999ರಲ್ಲಿ ಸೈನ್ಸ್ ಫಿಕ್ಷನ್‌ನ ದೊಡ್ಡ ಪ್ರಶಸ್ತಿ ಹ್ಯೂಗೋ ಬಂತು. ಕಾಲಯಾನ ಮಾಡಿ ಮಾಡಿ ನಿದ್ದೆಗೆಟ್ಟವನೊಬ್ಬ ವಿಶ್ರಾಂತಿಗೆಂದು 1888ರ ಇಂಗ್ಲೆಂಡಿಗೆ ಹೋಗಿ, ದೋಣಿ, ನಾಯಿ, ಬೆಕ್ಕುಗಳ ನಡುವೆ ಒದ್ದಾಡುವ ಕಥೆ. ಮೊದಲ ಐವತ್ತು ಪುಟ ತಲೆಬುಡ ಗೊತ್ತಾಗುವುದಿಲ್ಲ. ಅವನಿಗೂ ಗೊತ್ತಾಗುವುದಿಲ್ಲ, ಮಜಾ ಇರುವುದೇ ಅಲ್ಲಿ.

ಜಾನ್ ಸ್ಕಾಲ್ಜಿಯ ‘ರೆಡ್‌ಶರ್ಟ್ಸ್’ ಕಾದಂಬರಿಯ ಹೆಸರು ತುಂಬಾ ಜನ ಹೇಳುತ್ತಾರೆ. ನನಗೆ ಒಂದೇ ಜೋಕನ್ನು ಎಳೆದಂತೆ ಅನಿಸಿತು. ಸಮಯ ಕಡಿಮೆ ಇದ್ದರೆ ಮಾರ್ಥಾ ವೆಲ್ಸ್‌ಳ ‘ಆಲ್ ಸಿಸ್ಟಮ್ಸ್ ರೆಡ್’ ಓದಿ. ಕಾವಲು ಕಾಯಬೇಕಾದ ರೋಬೋಟು ಕದ್ದು ಸೀರಿಯಲ್ ನೋಡುತ್ತಾ ಕೂತಿರುತ್ತದೆ. ಒಂದೇ ಭಾನುವಾರಕ್ಕೆ ಮುಗಿಯುತ್ತದೆ.